ಕಪ್ಪು ಬ್ಯೂಕಿನ ಬೇಸಿಗೆ

ಈ ಕಥೆಗೆ ಮೊದಲು ಕಾರಿನ ಪರಿಚಯ ಆಗಬೇಕು. ಅದು 1987ರ ಬ್ಯೂಕ್ ಗ್ರ್ಯಾಂಡ್ ನ್ಯಾಷನಲ್. 1984ರಿಂದ 87ರವರೆಗೆ ಬಂದ ಗ್ರ್ಯಾಂಡ್ ನ್ಯಾಷನಲ್‌ಗಳೆಲ್ಲ ಕಪ್ಪು, ಬೇರೆ ಬಣ್ಣವೇ ಇರಲಿಲ್ಲ. ಎರಡು ಬಾಗಿಲಿನ, ಚೌಕ ಮೈಕಟ್ಟಿನ ಕಾರು. ಬಾನೆಟ್ ಎತ್ತಿದರೆ ಆರು ಸಿಲಿಂಡರಿನ 3.8 ಲೀಟರ್ ಎಂಜಿನ್, ಅದಕ್ಕೊಂದು ಟರ್ಬೊ, ಜೊತೆಗೊಂದು ಇಂಟರ್‌ಕೂಲರ್. ಕಂಪನಿಯ ಲೆಕ್ಕದಲ್ಲಿ 245 ಅಶ್ವಶಕ್ತಿ. ಅದೇ ವರ್ಷದ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರಿಗೆ, ಎಂಟು ಸಿಲಿಂಡರ್ ಇಟ್ಟುಕೊಂಡೂ, 240. ಮಿಷಿಗನ್ ರಾಜ್ಯದ ಪಾಂಟಿಯಾಕ್ ಊರಿನ ಕಾರ್ಖಾನೆಯಿಂದ ಕೊನೆಯ ಗ್ರ್ಯಾಂಡ್ ನ್ಯಾಷನಲ್ ಹೊರಬಿದ್ದದ್ದು 1987ರ ಡಿಸೆಂಬರ್ 11ರಂದು. ಆ ಊರಿಗೆ ಹತ್ತಿರದಲ್ಲೇ ನನ್ನ ಮನೆ ಇತ್ತು. ಹಾಸನದ ಕಡೆಯಿಂದ ಹೋಗಿ ಡೆಟ್ರಾಯಿಟ್ ಸುತ್ತಮುತ್ತ ಕಾರಿನ ಕೆಲಸದಲ್ಲಿ ಬದುಕು ಕಟ್ಟಿಕೊಂಡ ಅನೇಕ ಕನ್ನಡಿಗರಲ್ಲಿ ನಾನೂ ಒಬ್ಬ. ನಾನು ಆ ಕಾರನ್ನು ಕೊಂಡಾಗ ಅದಕ್ಕೆ ಹತ್ತು ವರ್ಷ ದಾಟಿತ್ತು. ನಾನು ಹೇಳುವುದು 1998ರ ಬೇಸಿಗೆಯ ಮಾತು.

ಟರ್ಬೊ ಮಾಡುವುದು ಒಂದೇ ಕೆಲಸ. ಸೈಲೆನ್ಸರಿನ ಕಡೆಗೆ ಹೊರಟ ಬಿಸಿ ಹೊಗೆಯ ರಭಸದಿಂದ ಒಂದು ಚಕ್ರ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ ಹೋದರೆ ಹೆಚ್ಚು ಪೆಟ್ರೋಲ್ ಸುಡಬಹುದು, ಹೆಚ್ಚು ಶಕ್ತಿ ಬರುತ್ತದೆ. ಹೀಗೆ ತುಂಬುವ ಒತ್ತಡಕ್ಕೆ ಬೂಸ್ಟ್ ಅನ್ನುತ್ತಾರೆ. ಟೈರಿಗೆ ಗಾಳಿ ಹೊಡೆಸುವಾಗ ನಾವು ಹೇಳುತ್ತೇವಲ್ಲ, ಅದೇ ಪಿಎಸ್‌ಐ ಲೆಕ್ಕ ಇದಕ್ಕೂ. ನನ್ನ ಕಾರಿನ ಬೂಸ್ಟ್ 14 ಪಿಎಸ್‌ಐ ಆಸುಪಾಸಿನಲ್ಲಿತ್ತು. ಅದನ್ನು 20ಕ್ಕೆ ಏರಿಸಬೇಕು ಅನ್ನುವುದು ನನ್ನ ಆಸೆ. ಏರಿಸುವುದು ಕಷ್ಟವಲ್ಲ. ಹೆಚ್ಚಾದ ಹೊಗೆಯನ್ನು ಟರ್ಬೊ ಚಕ್ರಕ್ಕೆ ತಾಗದಂತೆ ಪಕ್ಕದಿಂದ ಬಿಟ್ಟುಬಿಡುವ ವೇಸ್ಟ್‌ಗೇಟ್ ಎಂಬ ಬಾಗಿಲಿನ ಸರಳನ್ನು ಕೊಂಚ ಬಿಗಿ ಮಾಡಿದರೆ ಸಾಕು, ಬೂಸ್ಟ್ ಗೇಜಿನ ಮುಳ್ಳು ಮೇಲೇರುತ್ತದೆ. ಕಷ್ಟ ಇರುವುದು ಅದರ ಹಿಂದೆಯೇ ಬರುವ ಶಾಖದಲ್ಲಿ.

ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದವರೆಲ್ಲರ ಕೈಗೂ ಇದು ಗೊತ್ತು. ಹೊರಗೆ 30 ಡಿಗ್ರಿ ಇದ್ದ ದಿನ ಟರ್ಬೊ ಆ ಗಾಳಿಯನ್ನು 20 ಪಿಎಸ್‌ಐಗೆ ಒತ್ತಿದರೆ, ಅದು ಹೊರಬರುವಾಗ ಸುಮಾರು 150 ಡಿಗ್ರಿ ಸೆಲ್ಸಿಯಸ್ ಆಗಿರುತ್ತದೆ. ಇಂಟರ್‌ಕೂಲರ್ ಅದನ್ನು ತಕ್ಕಮಟ್ಟಿಗೆ ತಣಿಸುತ್ತದೆ ನಿಜ. ಆದರೆ ಈ ಕಾರಿನ ಇಂಟರ್‌ಕೂಲರ್ ಬಾನೆಟ್ಟಿನ ಒಳಗೇ ಒಂದು ಮೂಲೆಯಲ್ಲಿದೆ. ಜುಲೈ ತಿಂಗಳ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋದರೆ ಅದೇ ಕಾದು ಕೂರುತ್ತದೆ. ಇಂಥ ಬಿಸಿಗಾಳಿ ಸಿಲಿಂಡರಿಗೆ ಹೋದಾಗ, ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಬೆಂಕಿ ಮೂಲೆ ತಲುಪುವ ಮೊದಲೇ ಆ ಮೂಲೆಯ ಪೆಟ್ರೋಲ್ ಮಿಶ್ರಣ ತಾನಾಗಿ ಸಿಡಿಯುತ್ತದೆ. ಅದೇ ನಾಕ್. ಗ್ಯಾರೇಜಿನವರು “ನಾಕಿಂಗ್ ಹೊಡೀತಿದೆ” ಅನ್ನುವುದು ಇದಕ್ಕೇ. ಸಾಧಾರಣ ಎಂಜಿನ್ನಿನಲ್ಲಿ ಅದು ಕಿರಿಕಿರಿಯ ಸದ್ದು. 20 ಪಿಎಸ್‌ಐ ತುಂಬಿದ ಎಂಜಿನ್ನಿನಲ್ಲಿ ಹೆಡ್ ಗ್ಯಾಸ್ಕೆಟ್ ಹರಿಯಲು, ಪಿಸ್ಟನ್ ಒಡೆಯಲು ಒಂದೆರಡು ಕ್ಷಣ ಸಾಕು.

ಪೆಟ್ರೋಲ್ ನಾಕ್ ತಡೆಯುವ ಶಕ್ತಿಯ ಅಳತೆಗೆ ಆಕ್ಟೇನ್ ಅನ್ನುತ್ತಾರೆ. ಬಂಕಿನಲ್ಲಿ ಸಿಗುತ್ತಿದ್ದ ಒಳ್ಳೆಯ ಪೆಟ್ರೋಲ್ ಅಂದರೆ 93 ಆಕ್ಟೇನಿನದು. 20 ಪಿಎಸ್‌ಐಗೆ ಅದು ಸಾಲದು. ಓಟದ ಪೆಟ್ರೋಲ್ ಬಲು ದುಬಾರಿ. ಹಾಗಾಗಿ ಟರ್ಬೊ ಬ್ಯೂಕ್ ಇಟ್ಟುಕೊಂಡವರಲ್ಲಿ ಹಲವರು ಮೂರನೆಯ ದಾರಿ ಹಿಡಿದಿದ್ದರು: ಬೂಸ್ಟ್ ಏರಿದಾಗ ಮಾತ್ರ ಗಾಳಿಯ ಕೊಳವೆಗೆ ಆಲ್ಕೋಹಾಲನ್ನು ಮಂಜಿನಷ್ಟು ಸಣ್ಣಗೆ ಸಿಂಪಡಿಸುವುದು. ಇಂಜೆಕ್ಷನ್ ಕೊಡುವ ಮೊದಲು ನರ್ಸು ತೋಳಿಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುವುದಿಲ್ಲವೇ, ಕೊಳವೆಯೊಳಗೂ ನಡೆಯುವುದು ಅದೇ. ಒಂದು ಕಿಲೋ ಪೆಟ್ರೋಲ್ ಆವಿಯಾಗಲು ಸುಮಾರು 350 ಕಿಲೋಜೂಲ್ ಶಾಖ ಹೀರಿದರೆ, ಒಂದು ಕಿಲೋ ಎಥನಾಲ್ ಸುಮಾರು 840, ಮೆಥನಾಲ್ 1,100, ನೀರು 2,250ಕ್ಕೂ ಹೆಚ್ಚು ಹೀರುತ್ತವೆ. ಆಲ್ಕೋಹಾಲಿಗೆ ಇನ್ನೊಂದು ಗುಣವೂ ಇದೆ. ಅದು ಉರಿಯುತ್ತದೆ, ಆದರೆ ಸುಲಭಕ್ಕೆ ನಾಕ್ ಆಗದೆ ಉರಿಯುತ್ತದೆ.

ಇದರ ತಯಾರಾದ ಕಿಟ್ಟುಗಳು ಮಾರಾಟಕ್ಕಿದ್ದವು. ಕೊಳ್ಳಬಹುದಿತ್ತು. ಆದರೆ ಎಂಜಿನ್ನಿನ ಪ್ರಾಣ ಕಾಯುವ ಸಾಧನವನ್ನು ಡಬ್ಬದಿಂದ ತೆಗೆದು ಜೋಡಿಸಿ, ಒಳಗೇನಿದೆ ಎಂದು ತಿಳಿಯದೆ ಗಾಡಿ ಓಡಿಸಲು ನನಗೆ ಮನಸ್ಸಿರಲಿಲ್ಲ. ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಅಜ್ಜ ಇದ್ದ. ಫ್ಲಿಂಟ್ ಊರಿನ ಎಂಜಿನ್ ಕಾರ್ಖಾನೆಯ ಟೂಲ್ ರೂಮಿನಲ್ಲಿ ಇಡೀ ಆಯುಷ್ಯ ದುಡಿದು ನಿವೃತ್ತನಾದವನು. ಅವನ ಶೆಡ್ಡಿನಲ್ಲಿ ಲೇತ್ ಇತ್ತು, ಡ್ರಿಲ್ಲಿಂಗ್ ಯಂತ್ರ ಇತ್ತು, ಗೋಡೆಯ ತುಂಬ ಅಳತೆಯ ಉಪಕರಣಗಳಿದ್ದವು. ನನ್ನ ಯೋಚನೆ ಹೇಳಿದಾಗ ಅವನಿಗೆ ಅದು ಹೊಸದೆನಿಸಲಿಲ್ಲ. “ಇದನ್ನು ನಮ್ಮ ಲ್ಯಾನ್ಸಿಂಗಿನವರು 1962ರಲ್ಲೇ ಮಾಡಿದ್ದರು” ಎಂದು ಶುರುಮಾಡಿದ.

ಅವನು ಹೇಳಿದ್ದು ಲ್ಯಾನ್ಸಿಂಗ್ ಊರಿನ ಓಲ್ಡ್ಸ್‌ಮೊಬಿಲ್ ಕಂಪನಿಯ ಜೆಟ್‌ಫೈರ್ ಕಾರಿನ ಕಥೆ. 1962ರಲ್ಲಿ ಜನ ಷೋರೂಮಿನಲ್ಲಿ ಕೊಳ್ಳಬಹುದಾಗಿದ್ದ ಮೊದಮೊದಲ ಟರ್ಬೊ ಕಾರುಗಳಲ್ಲಿ ಅದೊಂದು. 3.5 ಲೀಟರಿನ ಅಲ್ಯೂಮಿನಿಯಂ ಎಂಜಿನ್, 215 ಅಶ್ವಶಕ್ತಿ. ಟರ್ಬೊ ಇದ್ದರೂ ಸಂಪೀಡನ ಅನುಪಾತ 10.25ಕ್ಕೆ 1. ಅಷ್ಟು ಬಿಗಿಯಾದ ಎಂಜಿನ್ನಿಗೆ ಬೂಸ್ಟ್ ಬೇರೆ ಕೊಟ್ಟರೆ ನಾಕ್ ಖಂಡಿತ. ಅದಕ್ಕೇ ಕಂಪನಿಯವರು ‘ಟರ್ಬೊ ರಾಕೆಟ್ ಫ್ಲುಯಿಡ್’ ಎಂಬ ದ್ರವವನ್ನು ಜೊತೆಗೆ ಕೊಟ್ಟರು. ಹೆಸರು ದೊಡ್ಡದು, ಒಳಗಿದ್ದದ್ದು ನೀರು, ಮೆಥನಾಲ್ ಮತ್ತು ತುಕ್ಕು ತಡೆಯಲು ಒಂದಿಷ್ಟು ಔಷಧ. ಕೊಂಡವರು ಆ ದ್ರವ ತುಂಬಿಸುವುದನ್ನು ಮರೆಯುತ್ತಿದ್ದರು. 1963ರ ಹೊತ್ತಿಗೆ ಆ ಕಾರು ನಿಂತೇಹೋಯಿತು, ಎರಡು ವರ್ಷ ಸೇರಿ ಹತ್ತು ಸಾವಿರವೂ ಆಗಿರಲಿಲ್ಲ. ಅಜ್ಜ ಈ ಕಥೆಯ ಕೊನೆಯಲ್ಲಿ ಇನ್ನೊಂದು ಸಂಗತಿ ಹೇಳಿದ, ಅದನ್ನು ಆಮೇಲೆ ಹೇಳುತ್ತೇನೆ.

ಕೆಲಸ ಪಂಪಿನಿಂದ ಶುರುವಾಯಿತು. ಗಾಜು ಒರೆಸಲು ನೀರು ಚಿಮ್ಮಿಸುವ ವೈಪರ್ ಪಂಪು ಎಲ್ಲರ ಕಣ್ಣಿಗೂ ಮೊದಲು ಬೀಳುತ್ತದೆ. ಅಗ್ಗ, 12 ವೋಲ್ಟಿನಲ್ಲಿ ಓಡುತ್ತದೆ. ಅಜ್ಜ ಅದನ್ನು ಬೆಂಚಿನ ಮೇಲಿಟ್ಟು, ಎದುರಿಗೆ ಒಂದು ಕಂದು ಕಾಗದ ನಿಲ್ಲಿಸಿ, ಚಾಲೂ ಮಾಡಿದ. ಕಾಗದದ ಮೇಲೆ ದಪ್ಪ ದಪ್ಪ ಹನಿಗಳು ಬಿದ್ದು ಕೆಳಗಿಳಿದವು. “ಈ ಹನಿ ದಾರಿಯಲ್ಲಿ ಆವಿಯಾಗೋದಿಲ್ಲ, ಹಾಗೇ ಸಿಲಿಂಡರಿಗೆ ಹೋಗಿ ಬೀಳುತ್ತೆ. ಕೊಳವೆಯಲ್ಲಿ 20 ಪಿಎಸ್‌ಐ ಎದುರು ನಿಂತಾಗ ಈ ಪಂಪು ಉಸಿರೂ ಬಿಡಲ್ಲ” ಅಂದ. ಆಮೇಲೆ ಹೊಲಕ್ಕೆ ಔಷಧಿ ಹೊಡೆಯುವ ಯಂತ್ರಗಳಲ್ಲಿ, ಮನೆಗಾಡಿಗಳ ನಲ್ಲಿಗಳಲ್ಲಿ ಬಳಸುವ ಡಯಾಫ್ರಮ್ ಪಂಪು ತಂದೆವು. 100 ಪಿಎಸ್‌ಐ ತಳ್ಳಬಲ್ಲದ್ದು. ಅದರೊಳಗಿನ ರಬ್ಬರು ಯಾವುದೆಂದು ನೋಡಲೇಬೇಕಿತ್ತು. ಪೆಟ್ರೋಲಿಗೆ ಜಗ್ಗದ ಸಾಮಾನ್ಯ ವೈಟನ್ ರಬ್ಬರು ಮೆಥನಾಲಿನಲ್ಲಿ ಊದಿಕೊಳ್ಳುತ್ತದೆ. ಪೆಟ್ರೋಲ್ ತಾಗಿದರೆ ಕೆಡುವ ಇಪಿಡಿಎಂ ರಬ್ಬರು ಮೆಥನಾಲಿನಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ನಾವು ಇಪಿಡಿಎಂ ಇದ್ದ ಪಂಪನ್ನೇ ಆರಿಸಿಕೊಂಡೆವು.

ನಾಜಲ್ ಸಿಕ್ಕಿದ್ದು ಮನೆ ಬಿಸಿ ಮಾಡುವ ಬಾಯ್ಲರುಗಳ ಅಂಗಡಿಯಲ್ಲಿ. ಆ ಚಳಿದೇಶದಲ್ಲಿ ಕಟ್ಟಡಗಳನ್ನು ಎಣ್ಣೆ ಸುಟ್ಟು ಬೆಚ್ಚಗಿಡುವ ಒಲೆಗಳಿವೆ. ಅವುಗಳ ಬರ್ನರಿನ ತುದಿಯಲ್ಲಿರುವ ಹಿತ್ತಾಳೆಯ ನಾಜಲ್ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅಂಗೈಯಲ್ಲಿ ಮುಚ್ಚಿ ಹಿಡಿಯುವಷ್ಟೇ ಗಾತ್ರ. ಆರು ಮೂಲೆಯ ತಲೆಯ ಮೇಲೆ ಎರಡು ಅಂಕಿ ಅಚ್ಚೊತ್ತಿರುತ್ತದೆ: 100 ಪಿಎಸ್‌ಐ ಒತ್ತಡದಲ್ಲಿ ಗಂಟೆಗೆ ಎಷ್ಟು ಗ್ಯಾಲನ್ ಹೋಗುತ್ತದೆ ಎಂಬುದೊಂದು, ಚಿಮ್ಮುವ ಶಂಕುವಿನ ಕೋನ ಎಷ್ಟು ಎಂಬುದೊಂದು. ಹಿಂಬದಿಯಲ್ಲಿ ಕಂಚಿನ ಪುಡಿಯನ್ನು ಒತ್ತಿ ಮಾಡಿದ ಪುಟ್ಟ ಸೋಸುಕ. ಅದನ್ನು ತಿರುಗಿಸಿ ತೆಗೆದರೆ ಒಳಗೊಂದು ಸಣ್ಣ ತಿರುಪು, ಅದರ ಮೈಮೇಲೆ ಓರೆಯಾಗಿ ಕೊರೆದ ಗೀರುಗಳು. ದ್ರವ ಆ ಗೀರುಗಳಲ್ಲಿ ಸುತ್ತುತ್ತಾ ಬಂದು, ಸೂಜಿಮೊನೆಯಷ್ಟು ಸಣ್ಣ ತೂತಿನಿಂದ ಹೊರಬಿದ್ದ ಕೂಡಲೇ ಹರಿದು ಮಂಜಾಗುತ್ತದೆ. ಅಜ್ಜ ಭೂತಗನ್ನಡಿ ಹಿಡಿದು ಆ ಗೀರುಗಳನ್ನು ತೋರಿಸಿದ. ಮತ್ತೆ ಕಂದು ಕಾಗದ ನಿಲ್ಲಿಸಿ ಹೊಡೆದಾಗ ಒಂದು ಹನಿಯೂ ಕಾಣಲಿಲ್ಲ. ಕಾಗದದ ಬಣ್ಣ ಒಂದು ವೃತ್ತದಲ್ಲಿ ಸಮನಾಗಿ ಗಾಢವಾಯಿತು, ಅಷ್ಟೇ.

ಗಾತ್ರ ಆರಿಸಲು ಕಾಗದ ಪೆನ್ಸಿಲ್ಲು ಹಿಡಿದೆವು. 350 ಅಶ್ವಶಕ್ತಿ ತೆಗೆಯುವಾಗ ಎಂಜಿನ್ನು ನಿಮಿಷಕ್ಕೆ ಹೆಚ್ಚುಕಡಿಮೆ ಎರಡು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಅದರ ಆರನೇ ಒಂದು ಪಾಲಿನಷ್ಟು ದ್ರವ ಸಿಂಪಡಿಸಿದರೆ ಸಾಕೆಂದು ತೀರ್ಮಾನ. ಗಂಟೆಗೆ 6 ಗ್ಯಾಲನ್ನಿನ ನಾಜಲ್ ನಿಮಿಷಕ್ಕೆ ಸುಮಾರು 380 ಮಿಲಿಲೀಟರ್ ಬಿಡುತ್ತದೆ. ಆದರೆ ಪಂಪಿನ 100 ಪಿಎಸ್‌ಐಗೆ ಎದುರಾಗಿ ಬೂಸ್ಟಿನ 20 ನಿಂತಿರುತ್ತದೆ, ಉಳಿಯುವುದು 80. ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇಳಿಯುವುದರಿಂದ 340ರ ಹತ್ತಿರ ಬರುತ್ತದೆ. ನಮಗೆ ಬೇಕಾದದ್ದು ಅಷ್ಟೇ. ಅಳತೆಯ ಜಾಡಿ ಇಟ್ಟು, ಗಡಿಯಾರ ನೋಡಿ, ಲೆಕ್ಕ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡೆವು. ಇಂಟರ್‌ಕೂಲರಿನಿಂದ ಥ್ರಾಟಲ್‌ಗೆ ಹೋಗುವ ಲೋಹದ ಕೊಳವೆಗೆ ಅಜ್ಜ ತೂತು ಕೊರೆದು, ಒಂದು ಗಟ್ಟಿ ಬಿಲ್ಲೆ ಬೆಸೆದು, ತಿರುಪಿನ ಮರೆ ಕೊರೆದು ನಾಜಲ್ ಕೂರಿಸಿದ. ಬೂಸ್ಟ್ 9 ಪಿಎಸ್‌ಐ ದಾಟಿದೊಡನೆ ಪಂಪು ಓಡಲು ಒಂದು ಒತ್ತಡದ ಸ್ವಿಚ್ಚು, ಒಂದು ರಿಲೇ, ಒಂದು ಫ್ಯೂಸು. ಕಾರು ನಿಂತಾಗ ದ್ರವ ತಾನಾಗಿ ಸೋರದಂತೆ ವಿದ್ಯುತ್ತಿನ ಕವಾಟ. ಇಷ್ಟಾದರೆ ವ್ಯವಸ್ಥೆ ಮುಗಿಯಿತು ಎಂದು ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ.

ಅಷ್ಟರಲ್ಲಿ ಬೆಂಗಳೂರಿನಿಂದ ನನ್ನ ಸೋದರಮಾವ ಬಂದರು. ಬೇಸಿಗೆ ಕಳೆಯಲು ಬಂದಿದ್ದವರು ಬೆಳಗಾದರೆ ಶೆಡ್ಡಿನಲ್ಲಿರತೊಡಗಿದರು. ಅವರು ಆವ್ರೊ ವಿಮಾನಗಳ ಗ್ರೌಂಡ್ ಎಂಜಿನಿಯರ್ ಆಗಿ ದುಡಿದವರು. ಹಳೆಯ ಕಾಲದಲ್ಲಿ ನಮ್ಮ ಸಣ್ಣ ಸಣ್ಣ ಊರುಗಳಿಗೂ ಹಾರುತ್ತಿದ್ದ ಎರಡು ಪಂಖದ ವಿಮಾನ ಅದು, ಕಾನ್ಪುರದಲ್ಲಿ ಜೋಡಣೆಯಾಗುತ್ತಿತ್ತು. ರೋಲ್ಸ್ ರಾಯ್ಸ್ ಡಾರ್ಟ್ ಎಂಜಿನ್ ಅದರದ್ದು. ಮಾವ ಪಂಪು, ಟ್ಯಾಂಕು, ನಾಜಲ್ ಎಲ್ಲ ನೋಡಿ, “ಇದನ್ನೇ ಅಲ್ವೇನೋ ನಾವು ಆವ್ರೊಗೆ ತುಂಬಿಸ್ತಿದ್ದದ್ದು, ವಾಟರ್ ಮೆಥನಾಲ್!” ಅಂದರು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ ಗಾಳಿ ತೆಳು, ಬಿಸಿ ಬೇರೆ. ತುಂಬಿದ ವಿಮಾನ ನೆಲ ಬಿಡುವಾಗ ಎಂಜಿನ್ನಿಗೆ ಶಕ್ತಿ ಸಾಲದು. ಆಗ ನೀರು ಮತ್ತು ಮೆಥನಾಲಿನ ಮಿಶ್ರಣ ಕೊಟ್ಟರೆ ಕಳೆದುಹೋದ ಶಕ್ತಿ ಮರಳುತ್ತದೆ. ಇದನ್ನು ಮಾವ ಬಹಳ ಪ್ರೀತಿಯಿಂದ ಅಜ್ಜನಿಗೆ ವಿವರಿಸಿದರು. ಅಜ್ಜ ತಾನು ಚಿಕ್ಕವನಿದ್ದಾಗಿನ ಯುದ್ಧದ ವಿಮಾನಗಳನ್ನು ನೆನೆಸಿಕೊಂಡ. ಅಮೆರಿಕದ ಥಂಡರ್‌ಬೋಲ್ಟ್‌ಗೆ ನೀರಿನ ಇಂಜೆಕ್ಷನ್ ಇತ್ತು. ಜರ್ಮನರ ಮೆಸ್ಸರ್‌ಶ್ಮಿಟ್‌ಗೆ ಎಂಡಬ್ಲ್ಯೂ 50 ಎಂಬ ಮಿಶ್ರಣ, ಅರ್ಧ ಮೆಥನಾಲ್, ಉಳಿದರ್ಧ ಬಹುಪಾಲು ನೀರು. ಎರಡೂ ಕಡೆಯವರು ಪ್ರಾಣಸಂಕಟದ ಆ ಕೆಲವೇ ನಿಮಿಷಗಳಿಗೆ ಬಳಸಿದ್ದು ಇದೇ ಉಪಾಯವನ್ನು.

ಮಾತೆಲ್ಲ ಮುಗಿದ ಮೇಲೆ ಮಾವ ನನ್ನತ್ತ ತಿರುಗಿ ಒಂದು ಪ್ರಶ್ನೆ ಕೇಳಿದರು. “ಎಲ್ಲಾ ಸರಿ. ಪೂರ್ತಿ ಬೂಸ್ಟಲ್ಲಿ ಹೋಗ್ತಿರುವಾಗ ಇದು ನಿಂತುಹೋದ್ರೆ ಏನಾಗುತ್ತೆ?”

ಏನಾಗುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು. ಬೂಸ್ಟ್ 20ರಲ್ಲೇ ಇರುತ್ತದೆ, ತಂಪು ಇರುವುದಿಲ್ಲ. ಅದು ಗೊತ್ತಾಗುವಷ್ಟರಲ್ಲಿ ಎಂಜಿನ್ನು ಹೋಗಿರುತ್ತದೆ. ಆವ್ರೊದಲ್ಲಿ ಪೈಲಟ್ಟಿನ ಎದುರು ಟಾರ್ಕ್ ಮೀಟರ್ ಇರುತ್ತಿತ್ತು. ಒಂದು ಕಡೆಯ ಮಿಶ್ರಣ ನಿಂತರೆ ಮುಳ್ಳು ಬೀಳುತ್ತಿತ್ತು, ಆಗ ಏನು ಮಾಡಬೇಕೆಂದು ಅವರಿಗೆ ಮೊದಲೇ ಕಲಿಸಿರುತ್ತಿದ್ದರು. “ನೀನೊಬ್ಬನೇ ಗಾಡಿ ಓಡಿಸ್ತೀಯ, ರಸ್ತೆ ನೋಡ್ತೀಯೋ ಗೇಜ್ ನೋಡ್ತೀಯೋ?” ಎಂದರು ಮಾವ. ಆಗ ಅಜ್ಜ ಜೆಟ್‌ಫೈರ್ ಕಥೆಯ ಕೊನೆಯ ಭಾಗ ನೆನಪಿಸಿದ. ಆ ಕಾರಿನಲ್ಲಿ ದ್ರವ ಮುಗಿದರೆ ಬೂಸ್ಟನ್ನು ತಡೆಹಿಡಿಯುವ ಒಂದು ಕವಾಟವನ್ನು 1962ರಲ್ಲೇ ಇಟ್ಟಿದ್ದರು. ಅದಕ್ಕೇ, ದ್ರವ ತುಂಬಿಸಲು ಮರೆತವರಿಗೆ ಕಾರು ನಿಧಾನವಾಯಿತು ಎಂಬ ಬೇಸರ ಬಂದರೂ ಎಂಜಿನ್ನು ಉಳಿಯುತ್ತಿತ್ತು.

ಆ ಸಂಜೆಯಿಂದ ನಮ್ಮ ಕೆಲಸದ ದಿಕ್ಕೇ ಬದಲಾಯಿತು. ಕೈಯಾರೆ ಮಾಡುವ ಯಂತ್ರಕ್ಕೆ ಎರಡು ಯೋಜನೆ ಬೇಕು, ಅದು ನಡೆಯುವುದಕ್ಕೆ ಒಂದು, ಕೆಡುವುದಕ್ಕೆ ಒಂದು. ಮೊದಲನೆಯದನ್ನು ಎಲ್ಲರೂ ಸಂಭ್ರಮದಿಂದ ಮಾಡುತ್ತಾರೆ. ಎರಡನೆಯದು ಕೂತು ಮಾಡಿದರೆ ಮಾತ್ರ ಆಗುತ್ತದೆ, ಆಗುವುದನ್ನು ನೋಡಿ ಚಪ್ಪಾಳೆ ತಟ್ಟುವವರು ಯಾರೂ ಇರುವುದಿಲ್ಲ. 20ಕ್ಕೆಂದು ಬಿಗಿ ಮಾಡಿದ್ದ ವೇಸ್ಟ್‌ಗೇಟಿನ ಸರಳನ್ನು ನಾವು ಮತ್ತೆ ಸಡಿಲಿಸಿ 14 ಪಿಎಸ್‌ಐಗೇ ತಂದೆವು. ಏನೂ ಮಾಡದೆ ಬಿಟ್ಟರೆ ಕಾರು ಅಲ್ಲಿಯೇ ನಿಲ್ಲಬೇಕು. 14ರಿಂದ 20ಕ್ಕೆ ಏರಿಸುವ ಕೆಲಸವನ್ನು ಒಂದು ಸಣ್ಣ ಸೊಲೆನಾಯ್ಡ್‌ಗೆ ವಹಿಸಿದೆವು. ಅದಕ್ಕೆ ವಿದ್ಯುತ್ ಬಂದರೆ ವೇಸ್ಟ್‌ಗೇಟಿಗೆ ಹೋಗುವ ಗಾಳಿಯನ್ನು ಸ್ವಲ್ಪ ಸೋರಗೊಡುತ್ತದೆ, ಬೂಸ್ಟ್ ಏರುತ್ತದೆ. ಆ ವಿದ್ಯುತ್ತು ಬರುವ ದಾರಿಯಲ್ಲಿ ಇನ್ನೊಂದು ಒತ್ತಡದ ಸ್ವಿಚ್ಚು. ಇದನ್ನು ಪಂಪಿನ ಹತ್ತಿರ ಇಡಲಿಲ್ಲ, ನಾಜಲ್ಲಿನ ಬುಡದಲ್ಲೇ ಇಟ್ಟೆವು. ದ್ರವ ಅಲ್ಲಿಯತನಕ 60 ಪಿಎಸ್‌ಐ ಒತ್ತಡದಲ್ಲಿ ಬಂದು ನಿಂತರೆ ಮಾತ್ರ ಸ್ವಿಚ್ಚು ಕೂಡುತ್ತದೆ, ಬೂಸ್ಟ್ ಏರಲು ಅಪ್ಪಣೆ ಸಿಗುತ್ತದೆ. ಪಂಪು ಕೆಟ್ಟರೂ, ಫ್ಯೂಸು ಹೋದರೂ, ಕೊಳವೆ ಕಳಚಿದರೂ, ಟ್ಯಾಂಕು ಬರಿದಾದರೂ ಫಲ ಒಂದೇ: ಅಪ್ಪಣೆ ತಪ್ಪುತ್ತದೆ, ಬೂಸ್ಟ್ ತಾನಾಗಿ 14ಕ್ಕೆ ಇಳಿಯುತ್ತದೆ.

ಒಂದು ಸಂದು ಉಳಿದಿತ್ತು, ಅದನ್ನು ಕಂಡುಹಿಡಿದವನು ಅಜ್ಜ. ನಾಜಲ್ಲಿನ ತೂತೇ ಕಟ್ಟಿಕೊಂಡರೆ ಒತ್ತಡ ಇರುತ್ತದೆ, ಹರಿವು ಇರುವುದಿಲ್ಲ. ಸ್ವಿಚ್ಚು ಮೋಸಹೋಗುತ್ತದೆ. ಅದಕ್ಕೆ ಟ್ಯಾಂಕಿನ ಬಾಯಲ್ಲೇ ಸಣ್ಣ ಕಣ್ಣಿನ ಇನ್ನೊಂದು ಸೋಸುಕ ಹಾಕಿದೆವು, ಕಾರು ಹೊರಡುವ ಮೊದಲು ನಾಜಲ್ ಬಿಚ್ಚಿ ಕಾಗದದ ಮೇಲೆ ಹೊಡೆದು ನೋಡುವುದನ್ನು ನಿಯಮ ಮಾಡಿಕೊಂಡೆವು. ಅದರಾಚೆಗೆ ಕಾರಿನದೇ ನಾಕ್ ಸೆನ್ಸರ್ ಇತ್ತು. ನಾಕ್ ಕೇಳಿಸಿದೊಡನೆ ಅದರ ಕಂಪ್ಯೂಟರ್ ಸ್ಪಾರ್ಕನ್ನು ತಡಮಾಡಿಸುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎರಡು ದೀಪ: ನಾಜಲ್ಲಿಗೆ ಒತ್ತಡ ಬಂದರೆ ಹಸಿರು, ಟ್ಯಾಂಕಿನ ಮಟ್ಟ ಇಳಿದರೆ ಕೆಂಪು.

ಇನ್ನು ಆಲ್ಕೋಹಾಲಿನ ಮಾತು. ಹಾರ್ಡ್‌ವೇರ್ ಅಂಗಡಿಯ ಬಣ್ಣದ ವಿಭಾಗದಲ್ಲಿ ಡಿನೇಚರ್ಡ್ ಆಲ್ಕೋಹಾಲ್ ಡಬ್ಬಿಗಳು ಸಿಗುತ್ತಿದ್ದವು. ಮುಖ್ಯವಾಗಿ ಎಥನಾಲ್, ಯಾರೂ ಕುಡಿಯಬಾರದೆಂದು ಅದಕ್ಕೆ ಮೆಥನಾಲ್ ಬೆರೆಸಿರುತ್ತಾರೆ. ಮಾವ ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಕನ್ನಡಕ ಏರಿಸಿ ಪೂರ್ತಿ ಓದಿದರು. ಓದಿ, ಡಬ್ಬಿಯನ್ನು ಕೆಳಗಿಟ್ಟು, 1981ರ ಜುಲೈ ತಿಂಗಳನ್ನು ನೆನೆದರು. ಆ ತಿಂಗಳು ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಕೂಲಿ ಮಾಡಿ ಬದುಕುವ ಬಡವರು. ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗುತ್ತದೆ, ಮೊದಲು ಕಣ್ಣಿನ ನರವನ್ನು ಸುಡುತ್ತದೆ. ಬದುಕಿ ಉಳಿದರೂ ಕಣ್ಣು ಹೋಗಬಹುದು. “ಆಸ್ಪತ್ರೆ ಮುಂದೆ ಜನ ಕಾಯ್ತಾ ಕೂತಿದ್ದರಲ್ಲ, ಆ ಮುಖಗಳು ಇನ್ನೂ ಕಣ್ಣಿಗೆ ಕಟ್ಟಿದಂಗಿದೆ” ಅಂದರು ಮಾವ. ಅದೇ ವರ್ಷದ ಮೇ ತಿಂಗಳು ಅಜ್ಜನ ನೆನಪಿನಲ್ಲಿತ್ತು. ಇಂಡಿಯನಾಪೊಲಿಸ್ 500 ಓಟದಲ್ಲಿ ಇಂಧನ ತುಂಬುವಾಗ ಓಟಗಾರ ರಿಕ್ ಮಿಯರ್ಸ್ ಕಾರಿಗೆ ಬೆಂಕಿ ಹತ್ತಿತು. ಅಲ್ಲಿನ ಕಾರುಗಳು ಕುಡಿಯುತ್ತಿದ್ದದ್ದು ಮೆಥನಾಲ್, ಅದರ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಜನ ಮೈಮೇಲೆ ಬೆಂಕಿ ಹೊತ್ತು ಒದ್ದಾಡುತ್ತಿದ್ದರೆ ನೋಡುವವರಿಗೆ ಬೆಂಕಿಯೇ ಕಾಣುತ್ತಿರಲಿಲ್ಲ. ಮಿಯರ್ಸ್ ಮುಖ ಸುಟ್ಟುಕೊಂಡರು.

ಆ ಮಧ್ಯಾಹ್ನ ಶೆಡ್ಡಿನಲ್ಲಿ ಬಹಳ ಹೊತ್ತು ಯಾರೂ ಕೆಲಸ ಮುಟ್ಟಲಿಲ್ಲ. ಆಮೇಲೆ ಮಾವ ಡಬ್ಬಿಗಳ ಮೇಲೆ ಕೆಂಪು ಬಣ್ಣದಲ್ಲಿ ತಲೆಬುರುಡೆ ಬರೆದರು, ಕೆಳಗೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ವಿಷ ಎಂದು ಬರೆದರು. ನನ್ನ ಮಗ ಆಗಿನ್ನೂ ಓದಲು ಕಲಿಯುತ್ತಿದ್ದ. ಡಬ್ಬಿಗಳು ಬೀಗ ಹಾಕಿದ ಕಪಾಟಿಗೆ ಹೋದವು. ಸುರಿಯುವಾಗ ರಬ್ಬರ್ ಕೈಗವಸು, ಬಾಗಿಲು ಪೂರ್ತಿ ತೆರೆದಿರಬೇಕು, ಪಕ್ಕದಲ್ಲಿ ಬಕೆಟ್ಟಿನಲ್ಲಿ ನೀರು. ಟ್ಯಾಂಕನ್ನು ಡಿಕ್ಕಿಯಲ್ಲಿ ಇಡುವ ಯೋಚನೆಯನ್ನು ಕೈಬಿಟ್ಟು, ಮುಂದಿನ ಚಕ್ರದ ಮೇಲ್ಭಾಗದಲ್ಲಿ, ಜನ ಕೂರುವ ಜಾಗಕ್ಕೆ ಆವಿ ಬರದ ಕಡೆ ಕೂರಿಸಿದೆವು.

ಮಿಶ್ರಣ ಯಾವ ಪ್ರಮಾಣದ್ದು ಎಂಬುದರ ಮೇಲೆ ಒಂದು ಒಳ್ಳೆಯ ಚರ್ಚೆ ನಡೆಯಿತು. ಬ್ಯೂಕ್ ಓಡಿಸುವವರಲ್ಲಿ ಹಲವರು ನೀರು ಬೆರೆಸದೆ ಬರೀ ಆಲ್ಕೋಹಾಲ್ ಹಾಕುತ್ತಿದ್ದರು, ಅಜ್ಜನ ಒಲವು ಆ ಕಡೆ. ಮಾವ ವಿಮಾನದ ಅಭ್ಯಾಸದವರು, ನೀರು ಇರಲೇಬೇಕು ಅಂದರು. ನೀರು ಹೆಚ್ಚು ಶಾಖ ಹೀರುತ್ತದೆ, ಬೆಂಕಿಯ ಅಪಾಯ ಕಡಿಮೆ ಮಾಡುತ್ತದೆ. ಆಲ್ಕೋಹಾಲು ಬೇಗ ಆವಿಯಾಗುತ್ತದೆ, ಇಂಧನವೂ ಆಗುತ್ತದೆ, ಚಳಿಯಲ್ಲಿ ಹೆಪ್ಪುಗಟ್ಟಲು ಬಿಡುವುದಿಲ್ಲ. ಕೊನೆಗೆ ಅರ್ಧ ಭಟ್ಟಿ ಇಳಿಸಿದ ನೀರು, ಅರ್ಧ ಆಲ್ಕೋಹಾಲ್ ಎಂದಾಯಿತು. ನಲ್ಲಿಯ ನೀರು ಬೇಡ ಎಂಬುದರಲ್ಲಿ ಇಬ್ಬರೂ ಒಂದೇ ಮಾತು. ಅದರ ಸುಣ್ಣ ನಾಜಲ್ಲಿನ ಗೀರುಗಳಲ್ಲಿ ಕೂರುತ್ತದೆ.

ಮೊದಲು ಕಾರನ್ನು 14ರಲ್ಲೇ ಓಡಿಸಿ, ಕೈಯಲ್ಲಿ ಹಿಡಿಯುವ ಸ್ಕ್ಯಾನ್ ಯಂತ್ರದಲ್ಲಿ ಕಂಪ್ಯೂಟರ್ ಸ್ಪಾರ್ಕನ್ನು ಎಷ್ಟು ಡಿಗ್ರಿ ತಡಮಾಡುತ್ತಿದೆ ಎಂದು ನೋಡಿದೆವು. ಆಮೇಲೆ ಸೊಲೆನಾಯ್ಡ್ ಹೊಂದಿಸುತ್ತಾ ಒಂದೊಂದೇ ಪಿಎಸ್‌ಐ ಏರಿಸಿದೆವು. ಪ್ರತಿ ಮೆಟ್ಟಿಲಲ್ಲೂ ನಾಕ್ ಸೊನ್ನೆ ಇದ್ದರೆ ಮಾತ್ರ ಮುಂದಿನದು. 20ಕ್ಕೆ ಬಂದಾಗಲೂ ಯಂತ್ರದ ಪರದೆ ಸೊನ್ನೆ ತೋರಿಸುತ್ತಿತ್ತು. ಆ ಶಕ್ತಿ ಬೆನ್ನಿಗೆ ತಾಗುವುದನ್ನು ಮಾತಿನಲ್ಲಿ ಹೇಳುವುದು ಕಷ್ಟ. ಗ್ಯಾಸ್ ಪೆಡಲ್ ಒತ್ತಿದಾಗ ಒಂದು ಕ್ಷಣ ಏನೂ ಇಲ್ಲ, ಟರ್ಬೊ ಸಿಳ್ಳೆ ಏರುತ್ತದೆ, ಹಸಿರು ದೀಪ ಹೊತ್ತಿಕೊಳ್ಳುತ್ತದೆ, ಅದರ ಬೆನ್ನಿಗೇ ಎರಡನೆಯ ನೂಕು ಬಂದು ಸೀಟಿಗೆ ಒತ್ತುತ್ತದೆ.

ಪರೀಕ್ಷೆಗೆ ರಸ್ತೆ ತಕ್ಕ ಜಾಗವಲ್ಲ. ಆನ್ ಆರ್ಬರ್‌ನ ದಕ್ಷಿಣಕ್ಕೆ ಮಿಲಾನ್ ಡ್ರ್ಯಾಗ್‌ವೇ ಇದೆ. ಕಾಲು ಮೈಲಿ, ಅಂದರೆ 402 ಮೀಟರಿನ ನೇರ ಓಟದ ಪಟ್ಟಿ. ಸಾಮಾನ್ಯ ಜನ ತಮ್ಮ ಕಾರು ತಂದು ಓಡಿಸುವ ಸಂಜೆಗಳು ಅಲ್ಲಿರುತ್ತವೆ. ಮೂವರೂ ಹೋದೆವು. ಹಳದಿ ದೀಪಗಳು ಹೊತ್ತಿ ಹಸಿರು ಬಂದಾಗ ಕಾರು ಚಿಮ್ಮಿತು. ತುದಿಯಲ್ಲಿ ಕೊಟ್ಟ ಚೀಟಿಯ ಮೇಲೆ 13 ಸೆಕೆಂಡಿಗಿಂತ ಸ್ವಲ್ಪ ಕಡಿಮೆ ಎಂದು ಅಚ್ಚಾಗಿತ್ತು. ಅಜ್ಜ ಚೀಟಿಯನ್ನು ಎರಡು ಸಲ ಓದಿ, ಮಡಚಿ, ಅಂಗಿಯ ಜೇಬಿಗಿಟ್ಟುಕೊಂಡ.

ಕಥೆಯ ತಿರುಳು ಇರುವುದು ಆಮೇಲಿನ ಓಟದಲ್ಲಿ. ಪಕ್ಕದ ಸಾಲಿನಲ್ಲಿ ಒಂದು ಮಸ್ಟ್ಯಾಂಗ್. ಹಸಿರು ಬಿತ್ತು, ಇಬ್ಬರೂ ಹೊರಟೆವು, ನಾನು ಅರ್ಧ ಕಾರಿನಷ್ಟು ಮುಂದಿದ್ದೆ. ಪಟ್ಟಿಯ ನಡುಮಧ್ಯ ದಾಟಿದ ಮೇಲೆ ಆ ಎರಡನೆಯ ನೂಕು ಇದ್ದಕ್ಕಿದ್ದಂತೆ ಕರಗಿತು. ಬೂಸ್ಟ್ ಗೇಜಿನ ಮುಳ್ಳು 20ರಿಂದ ಇಳಿದು 14ರಲ್ಲಿ ನಿಂತುಕೊಂಡಿತು. ಹಸಿರು ದೀಪ ಆರಿತ್ತು. ಎಂಜಿನ್ನಿನ ಸದ್ದು ಮಾತ್ರ ಬದಲಾಗಲಿಲ್ಲ, ಒಂದು ಟಕ್ ಎಂಬ ಶಬ್ದವೂ ಇಲ್ಲ. ಮಸ್ಟ್ಯಾಂಗ್ ದಾಟಿ ಹೋಯಿತು. ನಾನು ಪೆಡಲಿನಿಂದ ಕಾಲು ಎತ್ತಿರಲಿಲ್ಲ. ಏನಾಯಿತೆಂದು ನನಗೆ ತಿಳಿಯುವ ಮೊದಲೇ ಒಂದು ಸ್ವಿಚ್ಚು ತಿಳಿದುಕೊಂಡು ತನ್ನ ಕೆಲಸ ಮುಗಿಸಿತ್ತು.

ವಾಪಸು ಬಂದು ಬಾನೆಟ್ ಎತ್ತಿದೆವು. ಪಂಪಿನ ಅರ್ಥ್ ತಂತಿಯ ಕೊಕ್ಕೆ ಕಂಪನಕ್ಕೆ ಸವೆದು ತುಂಡಾಗಿ ತೂಗುತ್ತಿತ್ತು. ಪಂಪು ಪೂರ್ತಿ ಬೂಸ್ಟಿನ ನಡುವೆಯೇ ನಿಂತಿತ್ತು. ಮಾವ ಕೇಳಿದ್ದ ಪ್ರಶ್ನೆ ಅಕ್ಷರಶಃ ನಡೆದುಹೋಗಿತ್ತು. ಅಜ್ಜ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದನ್ನೇ ಟಾರ್ಚಿನ ಬೆಳಕಿಗೆ ಹಿಡಿದ. ನಾಕ್ ಹೊಡೆದಿದ್ದರೆ ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿಯ ಗಾತ್ರದ ಚುಕ್ಕೆಗಳು, ಅಲ್ಯೂಮಿನಿಯಂ ಕಣಗಳು ಕಾಣುತ್ತವೆ. ಆರರಲ್ಲೂ ಒಂದೇ ಒಂದು ಚುಕ್ಕೆ ಇರಲಿಲ್ಲ. ಅಜ್ಜ ಕೊನೆಯ ಪ್ಲಗ್ಗನ್ನು ಮಾವನ ಕೈಗೆ ಕೊಟ್ಟ. ಮಾವ ಅದನ್ನು ನೋಡಿದರು, ಅಜ್ಜನ ಕೈ ಹಿಡಿದು ಜೋರಾಗಿ ಕುಲುಕಿದರು. ಸೋತ ಓಟದ ಚೀಟಿಯನ್ನೂ ಅಜ್ಜ ಕೇಳಿ ಪಡೆದುಕೊಂಡ. ತಂತಿ ಸರಿಮಾಡಿ, ಅದಕ್ಕೊಂದು ಆಸರೆ ಕಟ್ಟಿ, ಅದೇ ಸಂಜೆ ಮತ್ತೆ ಓಡಿಸಿದೆವು.

ಅಜ್ಜ ಆ ಸರ್ಕ್ಯೂಟನ್ನು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಶೆಡ್ಡಿನ ಗೋಡೆಗೆ ತೂಗುಹಾಕಿದ. ಕಾರು ತಂದು ಸಲಹೆ ಕೇಳುವ ಹುಡುಗರಿಗೆಲ್ಲ ಅದರ ಮುಂದೆ ನಿಲ್ಲಿಸಿ ವಿವರಿಸುತ್ತಿದ್ದ. ಬೂಸ್ಟ್ ಏರಿಸುವ ತಂತಿ ನಾಜಲ್ಲಿನ ಬುಡದ ಸ್ವಿಚ್ಚಿನ ಮೂಲಕ ಹೋಗದಿದ್ದರೆ ಅವನು ಬೆಸುಗೆ ಯಂತ್ರ ಮುಟ್ಟುತ್ತಿರಲಿಲ್ಲ. ಹೀಗೆ ಎಷ್ಟೋ ಎಂಜಿನ್ನುಗಳು ಉಳಿದಿರಬೇಕು ಎಂದು ನನ್ನ ನಂಬಿಕೆ.

2015ರಲ್ಲಿ ಬಿಎಂಡಬ್ಲ್ಯೂ ಎಂ4 ಜಿಟಿಎಸ್ ಎಂಬ 500 ಅಶ್ವಶಕ್ತಿಯ ಕಾರನ್ನು ತೋರಿಸಿತು, ಕೇವಲ 700 ಮಾಡುತ್ತೇವೆ ಎಂದು ಹೇಳಿತು. ಅದರ ಟರ್ಬೊ ಎಂಜಿನ್ನಿಗೆ ನೀರು ಸಿಂಪಡಿಸುವ ವ್ಯವಸ್ಥೆ ಇತ್ತು, ಡಿಕ್ಕಿಯಲ್ಲಿ 5 ಲೀಟರಿನ ನೀರಿನ ಟ್ಯಾಂಕು. ಎಂಜಿನ್ ನಿಲ್ಲಿಸಿದಾಗ ಕೊಳವೆಯ ನೀರು ಹೆಪ್ಪುಗಟ್ಟದಂತೆ ತಾನಾಗಿ ಟ್ಯಾಂಕಿಗೆ ಮರಳುತ್ತದೆ. ನನಗೆ ಖುಷಿಯಾಗಿ ಬೆಂಗಳೂರಿಗೆ ಫೋನು ಮಾಡಿ ಮಾವನಿಗೆ ಹೇಳಿದೆ. ವಯಸ್ಸಾಗಿತ್ತು, ಕಿವಿ ಮಂದವಾಗಿತ್ತು, ಎರಡು ಸಲ ಹೇಳಬೇಕಾಯಿತು. ಅವರು ಕೇಳಿದ್ದು ಒಂದೇ: “ನೀರು ಮುಗಿದ್ರೆ ಏನ್ಮಾಡುತ್ತಂತೆ?” ಬೂಸ್ಟನ್ನು ತಾನೇ ಇಳಿಸಿಕೊಂಡು, ಸ್ಪಾರ್ಕನ್ನೂ ಹಿಂದೆ ಸರಿಸಿ, ಎಂಜಿನ್ನನ್ನು ಕಾಪಾಡಿಕೊಳ್ಳುತ್ತದೆ ಎಂದೆ. “ಹಾಗಾದ್ರೆ ತಿಳಿದವರು ಮಾಡಿದ್ದಾರೆ” ಅಂದರು.

ಈಗ ಪುಣೆಯಲ್ಲೋ ಬೆಂಗಳೂರಿನಲ್ಲೋ ಟರ್ಬೊ ಕಾರು ಇಟ್ಟುಕೊಂಡ ಹುಡುಗರು ಆಲ್ಕೋಹಾಲ್ ಇಂಜೆಕ್ಷನ್ ಮನೆಯಲ್ಲೇ ಮಾಡಬಹುದಾ ಎಂದು ನನ್ನನ್ನು ಕೇಳುತ್ತಾರೆ. ಮಾಡಬಹುದು, ಖಂಡಿತ ಮಾಡಿ ಅನ್ನುತ್ತೇನೆ. ಮೆಥನಾಲಿಗೆ ಹೆದರಬೇಕಾದಷ್ಟು ಹೆದರಿ, ಬೀಗ ಹಾಕಿ ಇಡಿ, ಓಡಿಸುವುದನ್ನು ಓಟದ ಪಟ್ಟಿಯಲ್ಲೇ ಓಡಿಸಿ. ಕೆಲಸಕ್ಕೆ ಕೂತ ಮೊದಲ ದಿನ ಒಂದು ಕಾಗದದಲ್ಲಿ ಏನೇನು ಕೆಡಬಹುದು ಎಂದು ಪಟ್ಟಿ ಮಾಡಿ, ಪ್ರತಿಯೊಂದರ ಎದುರಿಗೂ ಆಗ ಕಾರು ತಾನಾಗಿ ಏನು ಮಾಡುತ್ತದೆ ಎಂದು ಬರೆಯಿರಿ. ಆ ಕಾಗದದಲ್ಲಿ ಖಾಲಿ ಜಾಗ ಉಳಿದಿರುವತನಕ ನಾಜಲ್ ಕೊಳ್ಳಲು ಹೋಗಬೇಡಿ.